ಬಾನೆಟ್ ಸಂದಿಯ ಕೆಂಪು ನೂಲು

ಮೆಕ್ಯಾನಿಕ್ ಮೂರನೇ ಸಲ "ನಾಳೆ ಬನ್ನಿ" ಅಂದಾಗ ಅವಳಿಗೆ ಅನುಮಾನ ಬಂತು. ಆ ಮಾತಿನ ಮರ್ಮ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಟೈಲರ್. ಹತ್ತು ವರ್ಷದಿಂದ ಅದೇ ಮಾತು ಹೇಳಿ ಗಿರಾಕಿಗಳನ್ನು ಸಾಗಹಾಕಿದವಳು.

ಅವಳ ಆಟೊಮ್ಯಾಟಿಕ್ ಕಾರು ಹೊರಡುವಾಗೆಲ್ಲ ಜರ್ಕ್ ಹೊಡೆಯುತ್ತಿತ್ತು. ಮೊದಲ ಸಲ ಅವನು ಗೇರ್ ಆಯಿಲ್ ಬದಲಿಸಿದ. ಎರಡನೇ ಸಲ ಇಂಜಿನ್ ಕೆಳಗಿನ ಸವೆದ ರಬ್ಬರ್ ಬದಲಿಸಿದ. ಜರ್ಕ್ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಅವನು ಓಡಿಸಿದರೆ ಅದೇ ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಡುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಕಣೇ, ಗ್ಯಾರೇಜ್ ಬದಲಿಸು ಎಂದು ಅಕ್ಕ ಹಟ ಹಿಡಿದಿದ್ದಳು. ಇವಳಿಗೆ ಮನಸ್ಸಿಲ್ಲ. ಕೀ ಕೊಡುವಾಗ ಅವನು ಎಣ್ಣೆಗೈ ಒರೆಸಿಕೊಂಡು, ಕಣ್ಣು ತಪ್ಪಿಸಿ ನಗುವುದು ಅವಳಿಗೆ ಇಷ್ಟ. ಆದರೆ ಮೋಸಗಾರನನ್ನು ಇಷ್ಟಪಡುವುದು ಹೇಗೆ?

ಅದಕ್ಕೇ ಆ ದಿನ ಕಾರು ಬಿಟ್ಟು ಬರುವಾಗ ಬಾನೆಟ್ ಸಂದಿಗೆ ಒಂದು ಕೆಂಪು ನೂಲು ಅಂಟಿಸಿದಳು. ಬಾನೆಟ್ ತೆಗೆದರೆ ನೂಲು ಬೀಳಬೇಕು. ಬೀಳಲಿ ದೇವರೇ ಎಂದುಕೊಂಡಳು.

ಮರುದಿನ ನೂಲು ಇದ್ದಲ್ಲೇ ಇತ್ತು.

"ನೀವು ಬಾನೆಟ್ಟೇ ತೆಗೆದಿಲ್ಲ," ಎಂದಳು.

ಅವನು ನೂಲು ನೋಡಿದ, ಅವಳನ್ನು ನೋಡಿದ. ಒಮ್ಮೆ ಓಡಿಸಿ ಎಂದು ಪಕ್ಕದ ಸೀಟಿನಲ್ಲಿ ಕುಳಿತ. ಕಾರು ಎಂದಿನಂತೆ ಮುಗ್ಗರಿಸಿತು. ಅವನು ಅವಳ ಪಾದಗಳತ್ತ ಬೆರಳು ತೋರಿಸಿದ. ಬಲಗಾಲು ಆಕ್ಸಿಲರೇಟರ್ ಮೇಲೆ, ಎಡಗಾಲು ಬ್ರೇಕ್ ಮೇಲೆ! ದಿನವಿಡೀ ಹೊಲಿಗೆ ಮಷಿನ್ ತುಳಿಯುವ ಜೋಡಿ ಕಾಲುಗಳು, ಒಂದು ದುಡಿಯುವಾಗ ಇನ್ನೊಂದು ಸುಮ್ಮನಿರುವುದನ್ನು ಕಲಿತೇ ಇರಲಿಲ್ಲ.

ಎಡಗಾಲಿಗೆ ಇಲ್ಲಿ ಕೆಲಸವಿಲ್ಲ, ಪಕ್ಕಕ್ಕಿಡಿ ಎಂದ. ಇಟ್ಟಳು. ಕಾರು ಸದ್ದಿಲ್ಲದೆ ಹೊರಟಿತು.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಹೋದ ಸಲ ನೀವು ಗೇಟ್ ದಾಟುವಾಗ. ಬ್ರೇಕ್ ಲೈಟ್ ಉರೀತಾನೇ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವನು ಕಿಟಕಿಯಾಚೆ ನೋಡಿದ. "ಸರಿಹೋದ್ರೆ ನೀವ್ಯಾಕೆ ಬರ್ತೀರಿ?"

ಮುಖ ಊದಿಸಿಕೊಂಡೇ ಅವಳು ಮನೆಗೆ ಹೋದಳು. ಒಂದು ವಾರ ಅತ್ತ ತಲೆ ಹಾಕಲಿಲ್ಲ. ಕಾರು ಜರ್ಕ್ ಹೊಡೆಯದಿರುವುದೇ ಈಗ ಅವಳಿಗೆ ಬೇಸರ.

ಎಂಟನೇ ದಿನ ಅವನೇ ಅವಳ ಅಂಗಡಿಗೆ ಬಂದ. ಕೈಯಲ್ಲಿದ್ದ ಶರ್ಟ್ ಚಾಚಿ, ಗುಂಡಿ ಬಿದ್ದುಹೋಗಿದೆ ಎಂದು ಬೆವರುತ್ತ ಹೇಳಿದ. ಅವಳು ಶರ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ದಾರ ಸವೆದಿರಲಿಲ್ಲ, ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿದಂತಿತ್ತು. ಕಳ್ಳ!

"ನಾಳೆ ಬನ್ನಿ," ಎಂದಳು.

"ಒಂದು ಗುಂಡಿಗಾ?"

"ಈಗ್ಲೇ ಹಾಕಿಕೊಟ್ರೆ ನೀವ್ಯಾಕೆ ಬರ್ತೀರಿ?"