ತೊಳೆದಿಟ್ಟ ಡಬ್ಬಿ

ಸೊಣ್ಣಮ್ಮಜ್ಜಿಗೆ ಎಚ್ಚರ ತಪ್ಪಿರುವುದನ್ನು ಮೊದಲು ನೋಡಿದವಳು ರಂಜಿತ.

"ಹರ್ಷಿತಾ, ಬಾರೇ ಇಲ್ಲಿ — ಅಜ್ಜಿ ಮಾತಾಡ್ತಿಲ್ಲ ಕಣೇ."

ನಾನು ಓಡಿ ಹೋಗಿ ಅಜ್ಜಿಯ ಮುಂಗೈ ಹಿಡಿದೆ. ನಾಡಿ ಬೆದರಿದ ಕುರಿಮರಿಯ ಹಾಗೆ ಓಡುತ್ತಿತ್ತು. ಮೈ ತಣ್ಣಗೆ. ದಿಂಬೆಲ್ಲ ಬೆವರಿನಿಂದ ಒದ್ದೆ. ಜ್ವರ ಇರಲಿಲ್ಲ, ಬಿ.ಪಿ. ಬಿದ್ದಿರಲಿಲ್ಲ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಅಳೆಯಲಾಗದಷ್ಟು ಕಡಿಮೆ.

ಡಾಕ್ಟರ್ ಬಂದು ಗ್ಲೂಕೋಸ್ ಏರಿಸಿದರು. ಸಕ್ಕರೆ ಮೇಲೆ ಬಂತು. ಅಜ್ಜಿ ಮಾತ್ರ ಕಣ್ಣು ತೆರೆಯಲಿಲ್ಲ.

ದೊಡ್ಡಬಳ್ಳಾಪುರದ ಆ ಸಣ್ಣ ನರ್ಸಿಂಗ್ ಹೋಮಿಗೆ ನಾವಿಬ್ಬರೂ ಕಾಲೇಜಿನಿಂದ ತರಬೇತಿಗೆ ಹೋಗುತ್ತಿದ್ದೆವು. ಅಜ್ಜಿ ಸಕ್ಕರೆ ಕಾಯಿಲೆಯವರು. ಅಂಗಾಲಿನ ಗಾಯ ಮಾಯದೆ ದಾಖಲಾಗಿದ್ದರು. ಆ ಬೆಳಿಗ್ಗೆ ಅವರಿಗೆ ಇನ್ಸುಲಿನ್ ಕೊಟ್ಟವಳು ರಂಜಿತ.

ಅಜ್ಜಿಯ ಮಗ ಅಂಬರೀಶ್ ದೊಡ್ಡಬೆಳವಂಗಲದಿಂದ ಬೈಕಿನಲ್ಲಿ ಬಂದ. ಹೆಲ್ಮೆಟ್ಟನ್ನೂ ತೆಗೆಯದೆ ನಿಂತ.

"ಕಲಿಯೋ ಹುಡುಗೀರ ಕೈಗೆ ಸೂಜಿ ಕೊಟ್ಟಿದ್ದೀರಲ್ಲ, ಕಲಿಯೋಕೆ ನಮ್ಮಮ್ಮನ ಮೈಯೇ ಬೇಕಿತ್ತಾ?"

ಆಡಳಿತದವರು ಹೆದರಿದರು. ಸಂಜೆಯೊಳಗೆ ಕಾರಣ ಗೊತ್ತಾಗದಿದ್ದರೆ ರಂಜಿತಳನ್ನು ತರಬೇತಿಯಿಂದ ತೆಗೆದು ಪೊಲೀಸರಿಗೆ ತಿಳಿಸುತ್ತೇವೆ ಅಂದರು. ರಂಜಿತ ಗೋಡೆಗೆ ಒರಗಿಕೊಂಡು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಾಲೇಜಿನಲ್ಲಿ ನಮಗೆ ಪಾಠ ಹೇಳುವ ಪ್ರಮೋದಾ ಮೇಡಂ ಬಂದರು. ಅವರ ಚೀಲ ಇಸಿದುಕೊಂಡೆ. ಊಟದ ಡಬ್ಬಿಯ ಭಾರ ಕೈಗೆ ತಗುಲಿತು.

ಪಕ್ಕದ ಮಂಚದ ಅಕ್ಕಯಮ್ಮ ಎದ್ದು ಕೂತರು. "ಬನ್ನಿ ಮೇಡಮ್ಮೋರೆ. ಊಟ ಆಯ್ತಾ?"

"ಆಯ್ತಮ್ಮ. ನಿಮ್ದು?"

"ಆಯ್ತು."

ಮೇಡಂ ಅಜ್ಜಿಯ ಹಣೆ ಮುಟ್ಟಿದರು, ಎದೆಯ ಏರಿಳಿತ ನೋಡುತ್ತ ಉಸಿರು ಎಣಿಸಿದರು. ಆಮೇಲೆ ರಂಜಿತಳ ಕಡೆ ತಿರುಗಿದರು.

"ಡೋಸ್ ಎಷ್ಟು ತಗೊಂಡೆ?"

"ಡಾಕ್ಟರ್ ಹೇಳಿದಷ್ಟೇ ಮೇಡಂ. ಸ್ಟಾಫ್ ಸಿಸ್ಟರ್ ಸಿರಿಂಜ್ ನೋಡಿ, ಸರಿಯಿದೆ ಅಂದ್ಮೇಲೇ ಹಾಕಿದ್ದು."

ಸಿಸ್ಟರ್ ಹೌದೆಂದು ತಲೆಯಾಡಿಸಿದರು.

"ಅದಕ್ಕೆ ಮುಂಚೆ ಸಕ್ಕರೆ?"

"ಜಾಸ್ತಿ ಇತ್ತು. ನಾಡಿ, ಬಿ.ಪಿ., ಉಸಿರು — ಎಲ್ಲಾ ಸರಿಯಾಗಿತ್ತು."

"ಸೂಜಿ ಯಾವಾಗ ಹಾಕು ಅಂದಿದ್ರು?"

"ಉಂಡ ಮೇಲೆ. ಅಜ್ಜಿ ಒಂದಿನ ಉಂಡ್ರೆ ಒಂದಿನ ಇಲ್ಲ, ಅದಕ್ಕೆ."

"ಉಂಡಿದ್ರಾ?"

"ಉಂಡಿದ್ರು ಮೇಡಂ. ಕೇಳ್ದೆ. ಡಬ್ಬೀನೂ ಖಾಲಿ ಇತ್ತು."

ಕಿಟಕಿಯ ಕಟ್ಟೆಯ ಮೇಲೆ ಸ್ಟೀಲಿನ ಡಬ್ಬಿ ಕವುಚಿಕೊಂಡಿತ್ತು. ಡೋಸ್ ಸರಿ, ಊಟ ಆಗಿದೆ. ಹಾಗಿದ್ದರೆ ಈ ಮುದುಕಿಯ ರಕ್ತದಲ್ಲಿದ್ದ ಸಕ್ಕರೆಯನ್ನು ಯಾರು ಕದ್ದರು?

ಅಷ್ಟರಲ್ಲಿ ಅಜ್ಜಿಯ ಸೊಸೆ ಸಿಂಚನ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಿಂದ ಯೂನಿಫಾರ್ಮಿನಲ್ಲೇ ಓಡಿ ಬಂದಳು. ಅಂಬರೀಶನ ಸಿಟ್ಟಿಗೆ ಹೊಸ ದಾರಿ ಸಿಕ್ಕಿತು.

"ಡಬ್ಬೀಲಿ ಏನ್ ಹಾಕಿ ತಂದಿದ್ದೆ ನೀನು? ನಿನ್ನೆ ತಾನೇ ಅಮ್ಮನ ಹತ್ರ ಜಗಳ ಆಡಿದ್ದಲ್ಲ?"

"ಉಪ್ಪಿನಕಾಯಿ ಬೇಡ ಅತ್ತೆ, ಡಾಕ್ಟ್ರು ಬೈತಾರೆ ಅಂದೆ. ಅದು ಜಗಳಾನಾ?" ಅಂದಳು ಸಿಂಚನ. "ಮುದ್ದೆ, ಬಸ್ಸಾರು ತಂದಿದ್ದೆ. ನಿಮ್ಗೂ ಅದೇ ಕಟ್ಟಿದ್ದು. ನೀವು ಗಟ್ಟಿಯಾಗೇ ಇದ್ದೀರಲ್ಲ."

"ಅವರು ಉಣ್ಣೋದನ್ನ ನೋಡಿದ್ರಾ?" ಮೇಡಂ ಕೇಳಿದರು.

"ಇಲ್ಲ ಮೇಡಂ. ಶಿಫ್ಟ್ ಬಸ್ಸಿಗೆ ಹೊತ್ತಾಯ್ತು ಅಂತ ಇಟ್ಟು ಓಡಿದೆ."

"ಅಕ್ಕಯಮ್ಮ, ನೀವು?"

"ಆ ಹೊತ್ತಲ್ಲಿ ನನ್ನ ಎಕ್ಸ್‌ರೇಗೆ ಕರ್ಕೊಂಡೋಗಿದ್ರು ತಾಯಿ."

ಮೇಡಂ ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಹೊಳೆಯುತ್ತಿತ್ತು. ಒಂದು ಕಡೆ ಒಣಗಿದ ಬೂದಿಯ ಗುರುತು. ಹಿತ್ತಲ ನಲ್ಲಿಯ ಹತ್ತಿರ ಪಾತ್ರೆ ಉಜ್ಜಲು ಇಟ್ಟಿದ್ದ ಬೂದಿ.

"ಇದನ್ನ ತೊಳೆದಿದ್ದು ಯಾರು?"

ನಾವು ಮುಖ ಮುಖ ನೋಡಿಕೊಂಡೆವು. ರಂಜಿತ ಅಲ್ಲ. ನಾನಲ್ಲ. ಆಯಾ ಅಂದು ರಜೆ.

"ಅಮ್ಮನೇ ತೊಳ್ದಿರ್ತಾಳೆ," ಅಂದ ಅಂಬರೀಶ್.

ಮೇಡಂ ಹೊದಿಕೆ ಸರಿಸಿದರು. ಅಂಗಾಲಿನ ಪಟ್ಟಿ ಬೆಳ್ಳಗಿತ್ತು. "ನಲ್ಲಿ ಹತ್ರ ನೆಲವೆಲ್ಲ ಕೆಸರು. ಇವರು ಕಾಲು ಕೆಳಗಿಟ್ಟೇ ಇಲ್ಲ. ಅಂದ್ರೆ, ಬೇರೆ ಯಾರೋ ಬಂದಿದ್ರು."

ಅವರು ಬಗ್ಗಿ ಮಂಚದ ಕೆಳಗಿಂದ ಒಂದು ಬಟ್ಟೆಯ ಚೀಲ ಎಳೆದರು. ಬಾಯಿ ಬಿಚ್ಚುತ್ತಲೇ ಔಷಧಿಯ ವಾಸನೆಯನ್ನು ತಳ್ಳಿಕೊಂಡು ಅವರೆಕಾಯಿಯ ಸೊಗಡು ಬಂತು.

"ನಿಮ್ಮದಾ?"

"ನಮ್ ಹೊಲದಲ್ಲಿ ಈ ಸಲ ಅವರೆ ಹಾಕಿಲ್ಲ," ಸಿಂಚನ ಮೆಲ್ಲಗೆ ಅಂದಳು. "ಅತ್ತೆ ತವರು ಮಧುರೆ. ಅಲ್ಲಿ ಹಾಕಿದ್ದಾರೆ. ಆವಲಪ್ಪ ಮಾವ — ಅತ್ತೆಯ ತಮ್ಮ."

ಫೋನ್ ಹೋಯಿತು. ಸ್ಪೀಕರಿನಲ್ಲಿ ಆವಲಪ್ಪನ ದನಿ, ಅದರ ಹಿಂದೆ ಎಲ್ಲೋ ಒಂದು ಟ್ರ್ಯಾಕ್ಟರ್.

"ಹ್ಞೂ ತಾಯಿ, ಬಂದಿದ್ದೆ. ಮೊದಲ್ನೇ ಬಸ್ಸಿಗೇ. ಅಕ್ಕ ಹೆಂಗವ್ಳೆ?"

"ಇಲ್ಲಿ ಏನಾದ್ರೂ ಉಂಡ್ರಾ ಆವಲಪ್ಪನೋರೆ?" ಮೇಡಂ ಕೇಳಿದರು.

"ನಾನು ಬ್ಯಾಡ ಅಂದೆ ಕಣವ್ವ. ಊಟ ಆಗೈತೆ ಅಂದೆ. ಅವ್ಳು ಬಿಡ್ಬೇಕಲ್ಲ. ‘ಕೋಳಿ ಕೂಗೋಕೆ ಮುಂಚೆ ಹೊರಟೋನು ಎಲ್ಲಿ ಉಂಡೆಲಾ’ ಅಂತ ಬೈದು ಮುದ್ದೆ ಮುಂದಕ್ಕೆ ತಳ್ಳುದ್ಲು. ‘ನಿಂಗೆ?’ ಅಂದ್ರೆ, ‘ನಂದು ಆಗ್ಲೇ ಆಯ್ತು ಕಣ್ಲಾ’ ಅಂದ್ಲು. ಉಂಡೆ. ಸೊಸೆ ಬಂದು ಎಂಜಲು ಡಬ್ಬಿ ನೋಡೋದು ಬ್ಯಾಡ ಅಂತ ತೊಳ್ದು ಮಡಗ್ಬಿಟ್ಟು ಬಂದೆ. ಯಾಕವ್ವ? ಏನಾಯ್ತು?"

ಅಂಬರೀಶ್ ಸ್ಟೂಲಿನ ಮೇಲೆ ಕುಸಿದು ಕೂತ. ಹೆಲ್ಮೆಟ್ ಈಗ ಅವನ ತೊಡೆಯ ಮೇಲಿತ್ತು.

"ಅಂದ್ರೆ ಅಮ್ಮ ಖಾಲಿ ಹೊಟ್ಟೇಲಿದ್ಲು. ಅದರ ಮೇಲೆ ಇನ್ಸುಲಿನ್." ಅವನು ರಂಜಿತಳನ್ನು ನೋಡಿದ. "ಕೇಳ್ದೆ ಅಂತೀಯಲ್ಲಮ್ಮ ನೀನು."

"ಕೇಳ್ದೆ ಅಣ್ಣ. ನಿಜವಾಗ್ಲೂ ಕೇಳ್ದೆ."

"ಹೇಗೆ ಕೇಳಿದೆ? ಬೆಳಿಗ್ಗೆ ಅಂದ ಹಾಗೇ ಅನ್ನು," ಅಂದರು ಮೇಡಂ.

"‘ಅಜ್ಜಿ, ಊಟ ಆಯ್ತಾ?’ ಅಂದೆ. ‘ಆಯ್ತು ಕಣವ್ವ, ನಿಂದು?’ ಅಂದ್ರು."

ಮೇಡಂ ನನ್ನ ಕಡೆ ಕೈ ಚಾಚಿದರು. "ಹರ್ಷಿತ, ನನ್ನ ಡಬ್ಬಿ ಕೊಡು."

ಮುಚ್ಚಳ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು. ಒತ್ತಿ ತುಂಬಿದ ಚಿತ್ರಾನ್ನ. ಒಂದು ಅಗುಳೂ ಕದಲಿರಲಿಲ್ಲ.

"ಅಕ್ಕಯಮ್ಮ, ನಾನು ಒಳಗೆ ಬಂದಾಗ ಏನ್ ಕೇಳಿದ್ರಿ?"

"ಊಟ ಆಯ್ತಾ ಅಂದೆ. ಆಯ್ತು ಅಂದ್ರಿ..." ಅಕ್ಕಯಮ್ಮ ಬಗ್ಗಿ ಡಬ್ಬಿಯೊಳಗೆ ನೋಡಿದರು.

"ಬೆಳಗಿಂದ ಏನೂ ತಿಂದಿಲ್ಲ ನಾನು. ಆದ್ರೂ ಆಯ್ತು ಅಂದೆ. ಸುಳ್ಳು ಹೇಳ್ತಿದ್ದೀನಿ ಅಂತಾನೂ ಅನ್ನಿಸ್ಲಿಲ್ಲ. ನಮ್ಮ ಕಡೆ ಅದು ಪ್ರಶ್ನೆ ಅಲ್ಲ, ಮರ್ಯಾದೆ. ಆಯ್ತು ಅನ್ನೋದು ಉತ್ತರ ಅಲ್ಲ, ಅದೂ ಮರ್ಯಾದೆ. ತಮ್ಮ ‘ಆಗೈತೆ’ ಅಂದಾಗ ಸೊಣ್ಣಮ್ಮ ನಂಬಲಿಲ್ಲ. ಮುಖ ನೋಡಿದ್ರು, ಬೈದ್ರು, ಉಣಿಸಿದ್ರು. ಮನೇಲಿ ಯಾರೂ ಮೊದಲನೇ ‘ಆಯ್ತು’ ನಂಬಲ್ಲ. ಬಿಳಿ ಕೋಟು ಹಾಕ್ಕೊಂಡ ಮೇಲೆ ನಂಬಿಬಿಡ್ತೀವಿ."

"ಅಂದ್ರೆ ತಪ್ಪು ನಂದೇ," ಅಂದಳು ರಂಜಿತ.

"ಮೊದಲನೇ ವರ್ಷದ ಪಾಠ ಹೇಳು. ರೋಗಿ ಹತ್ರ ಹೋದ ಕೂಡಲೇ ಏನು ಕೇಳಬೇಕು?"

ರಂಜಿತ ತಲೆ ತಗ್ಗಿಸಿದಳು. "‘ಊಟ ಆಯ್ತಾ’ ಅಂತ. ಮನೆಯವರು ಮಾತಾಡಿಸಿದ ಹಾಗಿರುತ್ತೆ ಅಂತ."

"ಹೇಳಿಕೊಟ್ಟಿದ್ದು ಯಾರು?"

ರಂಜಿತ ತಲೆಯೆತ್ತಿ ಮೇಡಂ ಮುಖವನ್ನೇ ನೋಡಿದಳು.

"ಮಾತಾಡ್ಸೋಕೆ ಅದು ಒಳ್ಳೇ ಮಾತು. ಸೂಜಿ ಹಾಕೋ ಮುಂಚೆ ಕೇಳಬೇಕಾದ ಪ್ರಶ್ನೆ ಅದಲ್ಲ ಅಂತ ನಾನು ಒಂದು ದಿನವೂ ಹೇಳಲಿಲ್ಲ." ಮೇಡಂ ಅಂಬರೀಶನ ಕಡೆ ತಿರುಗಿದರು. "ದೂರು ಕೊಡೋದಾದ್ರೆ ಪ್ರಮೋದಾ ಅಂತ ಬರೀರಿ. ಆಡಳಿತದವರಿಗೆ ನಾನೇ ಹೇಳ್ತೀನಿ."

ಅಂಬರೀಶ್ ಹೆಲ್ಮೆಟ್ಟನ್ನು ನೆಲಕ್ಕಿಟ್ಟ. "ಅಮ್ಮ ಕಣ್ಣು ಬಿಡ್ಲಿ ಮೊದ್ಲು," ಅಂದ.

ಚಿಕ್ಕವಳಿದ್ದಾಗ ನನ್ನಜ್ಜಿ ಕಥೆ ಹೇಳುವಾಗ ನಾನು ನಿದ್ದೆಯಲ್ಲೂ ಹೂಂ ಅನ್ನುತ್ತಿದ್ದೆ. ಕೇಳ್ತಿದ್ದೀಯಾ ಅಂತ ಅಜ್ಜಿ ಎಂದೂ ಕೇಳುತ್ತಿರಲಿಲ್ಲ. "ರಾಜಕುಮಾರಿ ಈಗ ಎಲ್ಲವ್ಳೆ ಹೇಳು?" ಅನ್ನುತ್ತಿದ್ದಳು. ಆಗ ನನ್ನ ನಿದ್ದೆ ಸಿಕ್ಕಿಬೀಳುತ್ತಿತ್ತು. ನನಗೆ ಗೊತ್ತಿದ್ದ ಪಾಠವೇ. ಆದರೂ ವಾರ್ಡಿನಲ್ಲಿ ಎಷ್ಟು ಜನರ ಹೂಂ ನಂಬಿ ಮುಂದಿನ ಮಂಚಕ್ಕೆ ಹೋಗಿದ್ದೇನೋ.

ಬಿಸಿಲು ಕಿಟಕಿಯಿಂದ ಇಳಿಯುತ್ತಿದ್ದಾಗ ಸೊಣ್ಣಮ್ಮಜ್ಜಿಯ ರೆಪ್ಪೆ ಅದುರಿತು. ಕಣ್ಣು ಮೊದಲು ಸೂರು ನೋಡಿತು, ಮಗನನ್ನು ದಾಟಿ ಹೋಯಿತು, ನಾಡಿ ಹಿಡಿದು ಕೂತಿದ್ದ ರಂಜಿತಳ ಮೇಲೆ ನಿಂತಿತು. ನಾಲಿಗೆ ತೊದಲುತ್ತಿತ್ತು.

"ಊಟ... ಆಯ್ತೇನವ್ವ?"

ರಂಜಿತಳ ತುಟಿ ಆ ಹಳೇ ಮಾತಿಗೆ ತೆರೆದುಕೊಂಡಿತು. ತಡೆದಳು.

"ಇಲ್ಲ ಅಜ್ಜಿ. ಇನ್ನೂ ಇಲ್ಲ. ಬೆಳಿಗ್ಗೆ ನೀವು ಏನು ಉಂಡ್ರಿ?"

ಅಜ್ಜಿ ಕಿಟಕಿಯ ಕಟ್ಟೆಯ ಮೇಲಿದ್ದ ಡಬ್ಬಿಯನ್ನು ಬಹಳ ಹೊತ್ತು ನೋಡಿದರು.

"ಏನೂ ಇಲ್ಲ ಕಣ್ ಮಗ," ಅಂದರು.