ಏಳನೇ ತಿಂಗಳ ಬಳೆ

“ನಿಮ್ಮವ್ವ ನಿನ್ನ ಹಡಿಯುವಾಗ ಎಷ್ಟು ದಿನ ನೋವು ತಿಂದ್ಲು?”

ಹೆಣ್ಣು ನೋಡಲು ಬಂದ ಗಂಡು ಕೇಳಿದ ಮೊದಲ ಮಾತು ಇದು!

ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ನಿಂತಿದ್ದ ಚನ್ನವೀರಮ್ಮ ಅದನ್ನು ಕೆಳಗಿಟ್ಟಳು. ಬಾದನಹಟ್ಟಿಯ ಆ ಪಡಸಾಲೆಯಲ್ಲಿ ಕೂತ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಡು ಬರುತ್ತದೆಯೇ, ರೊಟ್ಟಿ ಬಡಿಯುತ್ತಾಳೆಯೇ ಎಂದು ಕೇಳುವವರುಂಟು. ಇದೆಂಥ ಪ್ರಶ್ನೆ?

ಅವಳು ತಲೆ ಎತ್ತಿದಳು. ಪ್ರಶ್ನೆ ಕೇಳಿದ ಕೊಟ್ಟೂರಪ್ಪನ ಕಣ್ಣಲ್ಲಿ ಕುಚೋದ್ಯವಿರಲಿಲ್ಲ. ಭಯವಿತ್ತು... ಅಷ್ಟು ಎತ್ತರದ ಗಂಡಸಿನ ಕಣ್ಣಲ್ಲಿ ಅಷ್ಟೊಂದು ಭಯವನ್ನು ಅವಳು ಅದುವರೆಗೆ ಕಂಡಿರಲಿಲ್ಲ.

“ಒಂದ ಮಧ್ಯಾಹ್ನರಿ,” ಎಂದಳು ಮೆಲ್ಲಗೆ. “ಹೊಲದಿಂದ ಬಂದು, ದೀಪ ಹಚ್ಚೂದರಾಗ ಹಡೆದಳಂತ.”

ಅವನು ಉಸಿರು ಬಿಟ್ಟ. ಪಕ್ಕದಲ್ಲಿದ್ದ ಅವನ ತಾಯಿ ಗುರುಬಸಮ್ಮ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಬಡಕಲ ಅದಾಳ. ಚಲೋ ಆತು. ನಮಗ ಇಂಥಾಕಿನ ಬೇಕಾಗಿತ್ತು.”

ಅವನಿಗಿದು ಎರಡನೆಯ ಸಂಬಂಧ. ಮೊದಲ ಹೆಂಡತಿ ದಾಕ್ಷಾಯಣಮ್ಮ ಎರಡು ವರ್ಷದ ಹಿಂದೆ ಹೆರಿಗೆಯಲ್ಲಿ ಕೂಸಿನ ಸಮೇತ ಹೋಗಿದ್ದಳು. ಇದು ಎಲ್ಲರಿಗೂ ಗೊತ್ತಿತ್ತು. ಯಾಕೆ ಹೋದಳೆಂಬುದಕ್ಕೆ ಆ ಮನೆ ಏನು ಕಾರಣ ಕಟ್ಟಿಕೊಂಡಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

1948ರ ಬೇಸಿಗೆಯಲ್ಲಿ ಮದುವೆಯಾಯಿತು.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಮನೆ. ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ ಕೊಟ್ಟೂರಪ್ಪ ತೂಕದ ಗುಮಾಸ್ತ. ಮಾತು ಕಡಿಮೆ. ಆದರೆ ಒಲೆಯ ಹೊಗೆಗೆ ಅವಳ ಕಣ್ಣು ಕೆಂಪಾದದ್ದನ್ನು ಒಂದು ದಿನ ನೋಡಿದವನು, ಮರುದಿನದಿಂದ ಯಾರಿಗೂ ಹೇಳದೆ ಒಣ ಕಟ್ಟಿಗೆಯನ್ನೇ ಆರಿಸಿ, ಸೀಳಿ, ಒಲೆಯ ಬದಿಗೆ ಇಟ್ಟು ಹೋಗುತ್ತಿದ್ದ. ಆ ಕಟ್ಟಿಗೆಯನ್ನು ಕಂಡಾಗಲೆಲ್ಲ ಚನ್ನವೀರಮ್ಮನಿಗೆ ಒಳಗೊಳಗೇ ನಗು ಬರುತ್ತಿತ್ತು. ‘ಇವರು ಬಾಯಿಂದ ಹೇಳೂದಿಲ್ಲ... ಇರಲಿ, ನನಗ ತಿಳೀತೈತಿ.’

ಅವಳು ಬಸುರಾದಳು. ಅಲ್ಲಿಂದ ಎಲ್ಲವೂ ತಿರುಗಿಬಿತ್ತು.

ಒಂದು ಮಧ್ಯಾಹ್ನ ಎರಡನೇ ರೊಟ್ಟಿಗೆ ಕೈ ಹಾಕಿದಾಗ ಅತ್ತೆ ಆ ಕೈಯನ್ನು ಹಿಡಿದಳು.

“ಸಾಕು.”

“ಇನ್ನೂ ಹಸಿವು ಐತ್ರಿ ಅತ್ತಿ. ಎರಡು ಜೀವ ಅಲ್ಲೇನ್ರಿ...”

“ಅದಕ್ಕ ಹೇಳಾಕತ್ತೀನಿ! ನೀ ತಿಂದದ್ದೆಲ್ಲಾ ಕೂಸಿಗೆ ಹೋಗತೈತಿ. ಕೂಸು ಕುಂಬಳಕಾಯಿ ಹಂಗ ಬೆಳೀತೈತಿ. ಆಮ್ಯಾಲ ಹೊರಗ ಹ್ಯಾಂಗ ಬರಬೇಕು ಅದು? ಸಣ್ಣ ಕೂಸು, ಸುಖದ ಹೆರಿಗಿ. ತಿಳೀತೇನು?”

ಅವಳು ಗಂಡನ ಮುಖ ನೋಡಿದಳು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು...

ಕೊಟ್ಟೂರಪ್ಪ ಅವಳ ತಟ್ಟೆಯಲ್ಲಿದ್ದ ರೊಟ್ಟಿಯನ್ನು ತಾನೇ ಎತ್ತಿ ಪುಟ್ಟಿಗೆ ಹಾಕಿದ. “ಅವ್ವ ಹೇಳಿದಂಗ ಕೇಳು,” ಎಂದವನು ಎದ್ದು ಹೋದ.

ಅದಕ್ಕಿಂತ ಕ್ರೂರವಾದದ್ದು ಮುಂದಿತ್ತು.

ತಿಂಗಳಿಗೊಮ್ಮೆ ಅವನು ಅವಳನ್ನು ಜಿನ್ನಿಗೆ ಕರೆದೊಯ್ಯತೊಡಗಿದ. ಹತ್ತಿಯ ಅಂಡಿಗೆ ತೂಗುವ ದೊಡ್ಡ ಕಾಟಾದ ಹಲಗೆಯ ಮೇಲೆ ಬಸುರಿ ಹೆಂಡತಿಯನ್ನು ನಿಲ್ಲಿಸಿ ಎದುರಿಗೆ ತೂಕದ ಕಲ್ಲು ಇಟ್ಟ! ಸುತ್ತ ಹಮಾಲರು. ಅವರಲ್ಲೊಬ್ಬ, ಮೈಲಾರಪ್ಪನೆಂಬವನು, ಸುಮ್ಮನಿರಲಾರದೆ ಕೂಗಿದ:

“ಗುಮಾಸ್ತರ, ಇದ್ಯಾವ ಹತ್ತಿರಿ? ಕಾಳು ತಗದದ್ದೋ, ಕಾಳು ಸಮೇತನೋ?”

ಜಿನ್ನೆಲ್ಲ ನಕ್ಕಿತು. ಚನ್ನವೀರಮ್ಮ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಕೊಟ್ಟೂರಪ್ಪ ನಗಲಿಲ್ಲ. ನಗುವವರನ್ನು ತಡೆಯಲೂ ಇಲ್ಲ.

“ತೊಂಬತ್ತಾರು ರಾತಲು. ಹೋದ ತಿಂಗಳಿಗಿಂತ ಎರಡು ಹೆಚ್ಚು,” ಎಂದ. ಅವನ ಮುಖ ಬಿಳುಚಿತ್ತು.

ಅಂದಿನಿಂದ ರಾತ್ರಿಯ ರೊಟ್ಟಿಯೂ ನಿಂತಿತು. ಒಂದು ಬಟ್ಟಲು ನೀರು ಮಜ್ಜಿಗೆ. ಅಷ್ಟೇ.

ಅವನು ಪಡಸಾಲೆಯಲ್ಲಿ ಮಲಗತೊಡಗಿದ. ಅವಳ ಹೊಟ್ಟೆ ಕಣ್ಣಿಗೆ ಬಿದ್ದರೆ ಮುಖ ತಿರುಗಿಸುತ್ತಿದ್ದ. ‘ನಾ ಇವರ ಕಣ್ಣಿಗೆ ಅಸಹ್ಯ ಆಗೀನಿ... ಬಡಕಲು ಹುಡುಗಿ ಬೇಕಾಗಿತ್ತು ಇವರಿಗೆ. ನಾ ಉಬ್ಬಿದ್ದು ಇವರಿಗೆ ಸೇರೂದಿಲ್ಲ...’ ಅವಳಿಗೆ ಹಸಿವಿಗಿಂತ ಈ ಯೋಚನೆಯೇ ಹೆಚ್ಚು ಸುಡುತ್ತಿತ್ತು.

ಪಕ್ಕದ ಮನೆಯ ಪಾರಮ್ಮ ಗೋಡೆಯ ಮೇಲಿಂದ ಹುರಿದ ಶೇಂಗಾ ಕೊಡುತ್ತಿದ್ದಳು. ಕೊಡುವಾಗ ಬೇರೆ ಕಡೆ ನೋಡುತ್ತಿದ್ದಳು, ಇಸಿದುಕೊಳ್ಳುವವಳಿಗೆ ನಾಚಿಕೆ ಆಗದಿರಲಿ ಎಂದು. ಒಂದು ದಿನ ಗುರುಬಸಮ್ಮನಿಗೆ ತಿಳಿಯಿತು. ಸೊಸೆಯ ಸೆರಗಿನ ಗಂಟನ್ನು ಅಂಗಳದಲ್ಲಿ ಎಲ್ಲರೆದುರು ಬಿಚ್ಚಿ ಕೊಡವಿದಳು.

“ಕಳ್ಳಿ! ಆಕಿನೂ ಹಿಂಗ ಕದ್ದು ತಿಂದು ದಪ್ಪಾಗಿ ಸತ್ತಳು. ನೀನೂ ಸಾಯಾಕ ನಿಂತೀಯೇನು?”

ಆದರೂ ಅದೇ ಗುರುಬಸಮ್ಮ ಸೊಸೆಗೆ ಒಂದು ಕೊಡ ನೀರು ಎತ್ತಗೊಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಿಸಿನೀರು ಕಾಯಿಸಿ ತಾನೇ ಅವಳ ಬೆನ್ನು ತಿಕ್ಕುತ್ತಿದ್ದಳು. ಬರೀ ಕೆಟ್ಟವಳಾಗಿದ್ದರೆ ದ್ವೇಷಿಸುವುದು ಸುಲಭವಿತ್ತು.

ಏಳನೇ ತಿಂಗಳು ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಉಡಿ ತುಂಬುವ ಕುಬಸದ ಶಾಸ್ತ್ರ. ಬಾದನಹಟ್ಟಿಯಿಂದ ತಾಯಿ ಬುಟ್ಟಿಗಟ್ಟಲೆ ಬುತ್ತಿ ಹೊತ್ತು ಬಂದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕರಿಗಡುಬು, ಮೊಸರನ್ನ... ಮಗಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಹೊಟ್ಟೆಯೊಂದು ಬಿಟ್ಟು ಉಳಿದದ್ದೆಲ್ಲ ಎಲುಬು!

“ಯವ್ವಾ... ಇದೇನಾತ ನನ್ನ ಮಗಳಿಗೆ?”

“ಏನಾಗಿಲ್ಲ ಬೀಗಿತ್ತಿ,” ಎಂದಳು ಗುರುಬಸಮ್ಮ, ಬುಟ್ಟಿಗಳನ್ನು ಅಟ್ಟಕ್ಕೆ ಏರಿಸುತ್ತ. “ಶಾಸ್ತ್ರಕ್ಕ ಒಂದು ತುತ್ತು ಸಾಕು. ಮತ್ತ ಹೆರಿಗಿ ಇಲ್ಲೇ. ತವರಿಗೆ ಕಳಿಸಿದ್ರ ನೀವು ತಿನ್ನಿಸಿ ತಿನ್ನಿಸಿ ಕೊಲ್ತೀರಿ.”

‘ಇಲ್ಲೇ ಉಳಿದರ ನಾ ಬದುಕೂದಿಲ್ಲ...’ ಚನ್ನವೀರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ‘ಇದೂ ಬದುಕೂದಿಲ್ಲ.’

ಅಷ್ಟರಲ್ಲಿ ಬಳೆಗಾರ ಸುಂಕಣ್ಣ ಹೆಗಲ ಮೇಲಿನ ಬಳೆಗಳ ಮಲಾರ ಇಳಿಸಿ ಅವಳೆದುರು ಕೂತ.

“ಕೈ ಕೊಡು ತಾಯಿ. ಹೋದ ಪಂಚಮಿಗೆ ನಾನ ಇಟ್ಟಿದ್ದೆ ನಿನಗ. ಬಸುರಿ ಕೈ ತುಂಬಿರತೈತಿ ಅಂತ ಒಂದು ಅಳತಿ ದೊಡ್ಡವ ತಂದೀನಿ.”

ಬಳೆ ಸರ್ರನೆ ಮೊಣಕೈವರೆಗೆ ಜಾರಿತು. ಪಂಚಮಿಯ ಅಳತೆ ಇಟ್ಟ. ಅದೂ ಜಾರಿತು. ಅದಕ್ಕೂ ಸಣ್ಣದು ಹುಡುಕಿ ಇಟ್ಟ. ಅದು ಕೂತಿತು.

ಸುಂಕಣ್ಣನ ಕೈ ನಿಂತಿತು.

“ನಲವತ್ತು ವರ್ಷಾತು ಬಳಿ ಇಡಾಕತ್ತು,” ಎಂದ, ಯಾರ ಮುಖವನ್ನೂ ನೋಡದೆ. “ಏಳು ತಿಂಗಳ ಬಸುರಿಗೆ ಸಣ್ಣ ಅಳತಿ ಇಟ್ಟದ್ದು ಎರಡ ಸಲ. ಎರಡೂ ಇದ ಮನ್ಯಾಗ.”

ಎಲೆ ಅಡಿಕೆಯ ತಟ್ಟೆ ಹಿಡಿದು ಬಂದಿದ್ದ ಕೊಟ್ಟೂರಪ್ಪ ಅಲ್ಲೇ ನಿಂತ.

“ಏನಂದಿ ಸುಂಕಣ್ಣ? ದಾಕ್ಷಾಯಣಿ ದಪ್ಪ ಆಗಿದ್ಲು. ಕದ್ದು ತಿಂದು ಆಗಿದ್ಲು! ಆಗ ನಾ ಸಿರುಗುಪ್ಪದ ಅಕ್ಕಿ ಗಿರಣ್ಯಾಗ ಕೆಲಸಕ್ಕಿದ್ದೆ. ಸುದ್ದಿ ತಿಳಿದು ಬಂದಾಗ ಆಕಿ ಮುಖ... ಕೈಕಾಲು... ಗುರುತ ಸಿಗದಷ್ಟು...”

“ಅದು ಬಾವು, ಯಪ್ಪಾ.” ಸುಂಕಣ್ಣ ಈಗ ತಲೆ ಎತ್ತಿದ. “ಒಂಬತ್ತನೇ ತಿಂಗಳದಾಗ ಬಳಿ ಕೈಯಾಗ ಹೂತು ಹೋದ್ವು. ನಿಮ್ಮವ್ವ ನನ್ನ ಕರಿಸಿ ಒಡಿಸಿದ್ಲು. ನಾ ಒತ್ತಿ ಹಿಡಿದ ಕಡಿ ಬೆರಳಿನ ಗುಂಡಿ ಹಂಗ ಉಳೀತು. ಉಂಡು ತುಂಬಿದ ಕೈಯಾಗ ಗುಂಡಿ ಉಳೀತೈತೇನು? ಆ ತಾಯಿ ಅವತ್ತು ನನ್ನ ಕೇಳಿದ್ದು ಒಂದ ಮಾತು. ‘ಸುಂಕಣ್ಣ, ಚೀಲದಾಗ ತಿನ್ನಾಕ ಏನರ ಐತೇನು?’”

ಕೊಟ್ಟೂರಪ್ಪ ತಾಯಿಯ ಕಡೆ ತಿರುಗಿದ. “ಅವ್ವಾ?”

“ನಾ ಬಾವು ಅಂತ ತಿಳೀಲಿಲ್ಲೋ...” ಗುರುಬಸಮ್ಮ ಗೋಡೆ ಹಿಡಿದು ಕೂತಳು. “ಕದ್ದು ತಿಂದಾಳ ಅಂತ ತಿಳಿದೆ. ನಮ್ಮತ್ತಿ ನನಗೂ ಹಿಂಗ ಮಾಡಿದ್ಲು. ನಾ ಬದುಕಿದೆ. ನೀ ಬದುಕಿದಿ...”

“ನನಗಿಂತ ಮೊದಲು ಹುಟ್ಟಿ ಸತ್ತ ಎರಡು ಕೂಸು?”

ಗುರುಬಸಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅವನು ಹೆಂಡತಿಯ ಮುಂದೆ ಕುಸಿದ. ಕಣ್ಣೀರು ಸುರಿಯುತ್ತಿತ್ತು.

“ಚನ್ನವೀರಿ... ನೀ ತಿಂದ ಒಂದೊಂದು ತುತ್ತೂ ನಿನ್ನ ಸಾವು ಅನಸ್ತಿತ್ತು ನನಗ. ನಿನ್ನ ಕಳಕೊಳ್ಳಾಕ ಆಗ್ತಿರಲಿಲ್ಲ. ನಿನ್ನ ಹೊಟ್ಟಿ ನೋಡಿದ್ರ ಆಕಿ ಹೆಣ ಕಣ್ಮುಂದ ಬರ್ತಿತ್ತು. ನೀ ನನ್ನ ಜೀವ...”

ಎಷ್ಟು ತಿಂಗಳಿಂದ ಅವಳು ಕಾದಿದ್ದ ಮಾತು! ಈಗ ಬಂತು. ಆದರೆ...

“ನಾ ಹಸಿದೀನ್ರಿ,” ಎಂದಳು ಚನ್ನವೀರಮ್ಮ. “ಮೊದಲು ಉಣ್ಣಾಕ ಕೊಡ್ರಿ. ಆಮ್ಯಾಲ ಅಳಿರಿ.”

ಅವನು ಅಟ್ಟದ ಬುಟ್ಟಿಗಳನ್ನೆಲ್ಲ ಇಳಿಸಿದ. ಅವಳು ಉಂಡಳು. ಬಂದ ಮುತ್ತೈದೆಯರು ಹಾಡು ಮರೆತು ನೋಡುತ್ತ ಕೂತರು.

ಮರುದಿನ ಚನ್ನವೀರಮ್ಮ ತಾಯಿಯೊಂದಿಗೆ ತವರಿನ ಬಂಡಿ ಹತ್ತಿದಳು. ಅವನೂ ಹೊರಟು ನಿಂತ.

“ನೀವು ಬರಬ್ಯಾಡ್ರಿ. ನಿಮ್ಮ ಕಣ್ಣ ಮುಂದ ತುತ್ತು ಎತ್ತಾಕ ಅಂಜಿಕಿ ಆಗತೈತಿ ನನಗ.”

ಆ ಮಾತು ಅವನಿಗೆ ತಕ್ಕದ್ದಾಗಿತ್ತು. ಅವನೂ ಹಾಗೇ ತಿಳಿದ.

ಪ್ರತಿ ಭಾನುವಾರ ಬಳ್ಳಾರಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ತುಪ್ಪವೋ, ಬಾಳೆಹಣ್ಣೋ ತಂದು ಹೊಸ್ತಿಲಲ್ಲಿಟ್ಟು, ನೀರು ಕುಡಿದು ಹಿಂತಿರುಗುತ್ತಿದ್ದ. ನೋಡಬೇಕೆಂದು ಒಮ್ಮೆಯೂ ಕೇಳಲಿಲ್ಲ. ಒಂದು ಸಲ ಕುರುಗೋಡಿನಿಂದ ನರ್ಸಮ್ಮನನ್ನೇ ಬಂಡಿ ಮಾಡಿ ಕರೆತಂದ. ಆಕೆ ಒಳಗೆ ಪರೀಕ್ಷೆ ಮಾಡುವವರೆಗೆ ಹೊರಗೆ ಬಿಸಿಲಲ್ಲಿ ನಿಂತಿದ್ದ. ಚನ್ನವೀರಮ್ಮ ಕಿಟಕಿಯ ಸಂದಿಯಿಂದ ನೋಡಿದಳು. ಕರೆಯಲಿಲ್ಲ. ಆದರೆ ಒಂದು ಚೊಂಬು ಮಜ್ಜಿಗೆ ಕಳಿಸಿದಳು, ಉಪ್ಪು ಹಾಕಿ, ಕೊತ್ತಂಬರಿ ಹಾಕಿ.

ಎರಡು ದಿನ ನೋವು ತಿಂದು ಹೆಣ್ಣು ಹಡೆದಳು. ಸೂಲಗಿತ್ತಿ ಎರ್ರಮ್ಮ ಕೂಸನ್ನು ಎತ್ತಿ ಹಿಡಿದು, “ಹಕ್ಕಿಮರಿ ಹಂಗ ಐತಿ. ಆದ್ರ ಗಂಟಲ ನೋಡ್ರಿ!” ಎಂದಳು. ಕೂಸಿನ ಅಳು ಓಣಿಯ ತುದಿಗೆ ಕೇಳುತ್ತಿತ್ತು.

ಐದನೆಯ ದಿನ ಕೊಟ್ಟೂರಪ್ಪ ಬಂದ. ಅವನ ಕೈಯಲ್ಲಿ ಡಬ್ಬಿ ತುಂಬ ಬಾಣಂತಿಗೆ ಕೊಡುವ ಅಂಟಿನುಂಡೆ. ಗುರುಬಸಮ್ಮ ಕಟ್ಟಿ ಕಳಿಸಿದ್ದು. ಚನ್ನವೀರಮ್ಮ ಅದನ್ನು ಮುಟ್ಟಲಿಲ್ಲ. ಹಿಂದಕ್ಕೂ ಕಳಿಸಲಿಲ್ಲ.

ಅವನು ಕೋಣೆಯ ಬಾಗಿಲಲ್ಲಿ ನಿಂತ. ಎರಡು ತಿಂಗಳ ಮೇಲೆ ಅವಳನ್ನು ಕಣ್ತುಂಬ ನೋಡಿದ. ತುಂಬಿದ ಕೆನ್ನೆ, ತುಂಬಿದ ತೋಳು.

“ಏನು ನೋಡಾಕತ್ತೀರಿ? ದಪ್ಪ ಆಗೀನಿ.”

“ಹೂಂ... ಆಗೀದಿ. ಎಷ್ಟು ಚಂದ ಕಾಣಾಕತ್ತೀದಿ! ನನಗ ಹೇಳಾಕ ಮಾರಿ ಇಲ್ಲ... ಆದ್ರೂ ಹೇಳ್ತೀನಿ.”

ಹೊರಗೆ ತಾಯಿ ಊಟಕ್ಕೆ ತಟ್ಟೆ ಇಡುವ ಸದ್ದು.

“ಬಾಗಿಲದಾಗ ನಿಂತ್ರ ಕೂಸಿಗೆ ಗಾಳಿ ಬಡೀತೈತಿ. ಒಳಗ ಬರ್ರಿ.”

“ಬರ್ಲಾ?”

“ನಾ ಉಣ್ಣಬೇಕು. ಅಲ್ಲೀತನಕ ಕೂಸಿನ ಯಾರು ಹಿಡಕೋಬೇಕು?”

ಅವನು ಬಂದು ಮಂಚದ ಬದಿಗೆ ನೆಲದ ಮೇಲೆ ಕೂತ. ಅವಳು ಕೂಸನ್ನು ಅವನ ತೋಳಿಗೆ ಇಳಿಸಿದಳು.

“ಚನ್ನವೀರಿ... ನನ್ನ ಕೈ ನಡಗಾಕತ್ತಾವ.”

“ನಡಗಲಿ,” ಎಂದಳು ಅವಳು, ಕೂಸಿನ ಕುತ್ತಿಗೆಯ ಕೆಳಗೆ ಅವನ ಅಂಗೈಯನ್ನು ಸರಿಯಾಗಿ ಇರಿಸುತ್ತ. “ಗಟ್ಟಿ ಹಿಡಕೊಳ್ರಿ. ನಾ ಇಲ್ಲೇ ಅದೀನಿ.”