ವೇದಿಕೆಯ ಮೇಲೆ ಅವನು ಏನು ಹೇಳುತ್ತಾನೋ...

"ಇಷ್ಟು ದಿನ ನನ್ನ ಜೊತೆ ನಗ್ತಾ ಮಾತಾಡಿದ್ದೆಲ್ಲ ಈ ಮೈಕ್ ಮುಂದೆ ನಿಲ್ಲಿಸೋಕಾ?"

ಡಾಕ್ಟರ್ ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವಳನ್ನು ಹೆದರಿಸಿದ್ದು. ಹೋಟೆಲಿನ ಸಭಾಂಗಣದ ಬಾಗಿಲಲ್ಲೇ ಅವಳು ನಿಂತುಬಿಟ್ಟಳು.

ತಪ್ಪು ಅವಳ ಬಾಸ್‌ನ ಬಾಯಿಯದು. ಈಗಷ್ಟೇ ಡಾಕ್ಟರ ಕೈ ಕುಲುಕುತ್ತಾ, ನಮ್ಮ ಹುಡುಗಿ ನಿಮ್ಮನ್ನ ಚೆನ್ನಾಗಿ ಪಳಗಿಸಿದ್ದಾಳೆ ಸಾರ್ ಎಂದು ನಕ್ಕಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಆ ಮಹಾನುಭಾವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳ ಕಂಪನಿ ಲಸಿಕೆ ಇಡುವ ಫ್ರಿಜ್ ಮಾಡುತ್ತದೆ. ವರ್ಷಕ್ಕೊಮ್ಮೆ ಆಸ್ಪತ್ರೆಗಳ ಮುಖ್ಯಸ್ಥರನ್ನು ಊಟಕ್ಕೆ ಕರೆಯುತ್ತದೆ. ಅಲ್ಲಿ ಕಂಪನಿಯವರು ತುಟಿ ಬಿಚ್ಚುವಂತಿಲ್ಲ, ಫ್ರಿಜ್ ಹೇಗಿದೆ ಎಂದು ಗ್ರಾಹಕನೇ ಗ್ರಾಹಕರಿಗೆ ಹೇಳಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಎಲ್ಲರಿಗೂ ಗೊತ್ತಲ್ಲ! ಈ ಸಲ ಮಾತಾಡಬೇಕಾದವನು ಡಾಕ್ಟರ್. ಒಪ್ಪಿಸಿದವಳು ಅವಳು.

ಫ್ರಿಜ್ ಸರಿಯಾಗಿದ್ದರೂ ನೋಡುವ ನೆಪದಲ್ಲಿ ಅವನ ಆಸ್ಪತ್ರೆಗೆ ಹೋಗಿ ಕೂರುತ್ತಿದ್ದಳಲ್ಲ... ಅದನ್ನು ಹೇಗೆ ಹೇಳುವುದು? 'ನಿಮ್ಮ ಜೊತೆ ನಗೋಕೆ ನನಗೆ ಯಾರೂ ಸಂಬಳ ಕೊಡಲಿಲ್ಲ.' ಮಾತು ಗಂಟಲಿಗೆ ಬರುವಷ್ಟರಲ್ಲಿ ಅವನನ್ನು ವೇದಿಕೆಗೆ ಕರೆದರು.

ಅವಳು ಹಿಂದಿನ ಗೋಡೆಗೆ ಒರಗಿದಳು. ಕೆಲಸ ಹೋದರೆ ಹೋಗಲಿ, ಇನ್ನೊಂದು ಸಿಗುತ್ತದೆ. ಈ ಮನುಷ್ಯ ಹೋದರೆ?

"ಇವರ ಫ್ರಿಜ್ ನಮ್ಮ ಆಸ್ಪತ್ರೆಯಲ್ಲಿ ಕೆಟ್ಟು ನಿಂತಿತ್ತು. ಮಕ್ಕಳ ಲಸಿಕೆಯೆಲ್ಲ ಹಾಳಾಯ್ತು," ಎಂದು ಡಾಕ್ಟರ್ ಶುರುಮಾಡಿದ.

ಚಮಚಗಳ ಸದ್ದು ನಿಂತಿತು. ಬಾಸ್‌ನ ಮುಖ ಹುಳ್ಳಗಾಯಿತು. ಅವಳು ಕಣ್ಣು ಮುಚ್ಚಿಕೊಂಡಳು. ಮುಗಿಯಿತು... ಎಲ್ಲ ಮುಗಿಯಿತು.

ಮುಂದಿನ ಮೇಜಿನ ಹಿರಿಯರೊಬ್ಬರು, ಹಾಗಾದರೆ ಇವರನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿಯೇಬಿಟ್ಟರು.

"ಆವತ್ತು ನಾನು ಬಾಯಿಗೆ ಬಂದ ಹಾಗೆ ಬೈದೆ. ಇವರ ಕಡೆಯಿಂದ ಬಂದ ಹೆಣ್ಣುಮಗಳು ನೆಪ ಹೇಳಲಿಲ್ಲ. ತಪ್ಪು ನಮ್ಮದೇ ಅಂದ್ರು. ಬರಿಗೈಲಿ ವಾಪಸ್ ಹೋದ ತಾಯಂದಿರಿಗೆಲ್ಲ ತಾವೇ ಫೋನ್ ಮಾಡಿ ಕ್ಷಮೆ ಕೇಳಿದ್ರು. ಅದಕ್ಕೇ ಇಟ್ಕೊಂಡಿದೀನಿ."

ಚಪ್ಪಾಳೆ ಬಿತ್ತು. ಹಿರಿಯರು ಬಾಸ್‌ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಅವಳ ಭಯ ಮಾತ್ರ ಇಳಿಯಲಿಲ್ಲ. ಹೊಗಳಿಕೆ ಸಿಕ್ಕಿದ್ದು ಅವಳ ಕೆಲಸಕ್ಕೆ, ಅವಳಿಗಲ್ಲ. ಡಾಕ್ಟರ್ ಅವಳತ್ತ ನೋಡದೆ ಲಿಫ್ಟಿನ ಕಡೆ ಹೊರಟಿದ್ದ.

ಅವಳು ಓಡಿದಳು.

"ನಿಮ್ಮ ಆಸ್ಪತ್ರೆ ಇನ್ಮೇಲೆ ಬೇರೆಯವರು ನೋಡ್ಕೋತಾರೆ," ಎಂದಳು. "ಬೆಳಿಗ್ಗೇನೇ ಬಾಸ್‌ನ ಕೇಳಿ ಆ ಜವಾಬ್ದಾರಿ ಬಿಡಿಸ್ಕೊಂಡೆ."

"ಯಾಕೆ?"

"ಇನ್ನು ಬಂದ್ರೆ ಕೆಲಸಕ್ಕೆ ಬಂದಿಲ್ಲ ಅಂತ ನಿಮಗೆ ಗೊತ್ತಾಗ್ಲಿ ಅಂತ... ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ."

ಲಿಫ್ಟ್ ಬಂತು. ಬಾಗಿಲು ತೆರೆದು ಮುಚ್ಚಿಕೊಂಡಿತು. ಅವನು ಹತ್ತಲಿಲ್ಲ.

"ಕೆಲಸ ಇಲ್ಲದವರನ್ನ ಆಸ್ಪತ್ರೆ ಒಳಗೆ ಬಿಡಲ್ಲ," ಎಂದ. "ಮನೆಗೆ ಬನ್ನಿ. ಅಮ್ಮ ಇರ್ತಾರೆ."

"ಅವರಿಗೆ ನಾನು ಯಾರು ಅಂತ ಹೇಳ್ಲಿ?"

"ಏನೂ ಹೇಳ್ಬೇಡಿ, ಅವರಿಗೆ ಗೊತ್ತು. ನೀವು ಒಪ್ಪದೇ ಹೋದ್ರೆ ಅಂತ ಹೆದರಿ ಕೂತಿದ್ದೋನು ನಾನು."